ಹೂಂ ಅನ್ನುವಷ್ಟು ಹೊತ್ತು

ನಾನು ರಾಮನಗರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಗ, ತರಬೇತಿಗೆ ಬರುವ ಮೆಡಿಕಲ್ ಹುಡುಗರಿಗೆ ಪಾಠ ಹೇಳುವ ದೊಡ್ಡ ಡಾಕ್ಟರೊಬ್ಬರಿದ್ದರು. ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ರೋಗಿಯ ಕಡೆ ಬಗ್ಗುತ್ತಿದ್ದರು.

"ಒಸಿ ತಣ್ಣಗಿರ್ತದೆ ಕಣವ್ವ, ಮಡಗ್ಲಾ?"

ಕೇಳಿ ಸುಮ್ಮನಾಗುತ್ತಿದ್ದರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು ತಮ್ಮ ಮೈವಾಸನೆಗೆ ತಾವೇ ನಾಚಿ ಮುದುಡಿರುತ್ತಿದ್ದರು. ಅವರು ಸೆರಗು ಸಡಿಲಿಸಿ "ಹೂಂ, ಮಡಗಿ ಸಾ" ಅನ್ನುವವರೆಗೂ ಡಾಕ್ಟರ ಕೈ ಗಾಳಿಯಲ್ಲೇ ನಿಂತಿರುತ್ತಿತ್ತು.

ಹುಡುಗರು ಎಲ್ಲವನ್ನೂ ಬೇಗ ಕಲಿತರು, ಆ ಹಳ್ಳಿ ಮಾತನ್ನೂ ಸೇರಿಸಿ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕಿತ್ತು.

ಆ ಡಾಕ್ಟರು ನಿವೃತ್ತರಾದ ಮೇಲೆ ಒಮ್ಮೆ ಎದೆನೋವೆಂದು ಅವರನ್ನೇ ನಮ್ಮ ವಾರ್ಡಿಗೆ ಕರೆತಂದರು. ಡ್ಯೂಟಿಯಲ್ಲಿದ್ದವನು ಅವರದೇ ಶಿಷ್ಯ. ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬಗ್ಗಿದ.

"ಒಸಿ ತಣ್ಣಗಿರ್ತದೆ ಸರ್, ಮಡಗ್ಲಾ?" ಎಂದವನೇ ಶರ್ಟಿನೊಳಗೆ ಕೈ ತೂರಿಸಿದ. ಇವರು ಆಗಿನ್ನೂ ತಲೆಯಾಡಿಸಲು ಹೊರಟಿದ್ದರು.

ಅವನು ಪಕ್ಕದ ಮಂಚಕ್ಕೆ ಹೋದ ಮೇಲೆ ನನ್ನತ್ತ ತಿರುಗಿದರು.

"ಚೆನ್ನಾಗೇ ಕಲ್ತವ್ನೆ ಸಿಸ್ಟರ್. ಕೇಳಿದ್ಮೇಲೆ ಒಸಿ ಕಾಯ್ಬೇಕು ಅಂತ ನಾನೇ ಯಾವತ್ತೂ ಬಾಯ್ಬುಟ್ಟು ಹೇಳ್ಲಿಲ್ಲ. ನೋಡ್ತಾವ್ರಲ್ಲ ಅನ್ಕೊಂಡಿದ್ದೆ."

ಬಿಚ್ಚಿಕೊಂಡಿದ್ದ ಶರ್ಟಿನ ಗುಂಡಿಯನ್ನು ತಾವೇ ಹಾಕಿಕೊಂಡರು.