ನೀರಾದ ಕಾಲುಂಗುರ

"ಮಾಸ್ತರೇ, ಹೆಂಡ್ತಿ ಕಾಲುಂಗುರ ನೀರು ಮಾಡಿಬಿಟ್ರಲ್ಲ! ಮನೇಲಿ ಎಂತ ಹೇಳೂದು?"

ಕುಮಟೆಯ ನಮ್ಮ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಕ್ಕಸಾಲಿ ವಿಠೋಬ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಮಹಾಯುದ್ಧದ ಕಾಲ, ಪಾಠದ ಪ್ರಯೋಗಕ್ಕೆ ಬೇಕಾದ ಬೆಳ್ಳಿಯ ಲವಣ ಮುಂಬಯಿಯಿಂದ ಬರುತ್ತಿರಲಿಲ್ಲ. ಹೆಂಡತಿಗೆ ಹೇಳದೆ ಅವನು ತಂದುಕೊಟ್ಟ ಮುರುಕು ಉಂಗುರವನ್ನು ನಾನು ಆಮ್ಲದಲ್ಲಿ ಕರಗಿಸಿದ್ದೆ.

ಅದಕ್ಕೆ ಅಮೋನಿಯಾ ಬೆರೆಸಿ, ಬೆಂಜಾಲ್ಡಿಹೈಡ್ ಎಂಬ ಬಾದಾಮಿ ವಾಸನೆಯ ದ್ರವದ ಕೆಲವು ಹನಿ ಹಾಕಿ, ಗಾಜಿನ ನಳಿಗೆಯನ್ನು ಬಿಸಿನೀರಿನಲ್ಲಿಟ್ಟೆ. ಪರಿಮಳ ಕೋಣೆಯೆಲ್ಲ ಹರಡಿತು.

"ಹಲ್ವ ಮಾಡ್ತ್ರಾ? ಕುಲುಮೆ ಇಲ್ದೆ ಬೆಳ್ಳಿ ಬತ್ತದ್ಯಾ?" ಎಂದು ಅವನು ಗೊಣಗುತ್ತಿದ್ದಂತೆಯೇ ನಳಿಗೆಯ ಒಳಮೈ ಬೆಳ್ಳಿಯ ಕನ್ನಡಿಯಾಯಿತು. ವಿಠೋಬ ಅದರಲ್ಲಿ ಮೀಸೆ ತೀಡಿಕೊಂಡು, ನಳಿಗೆಯನ್ನು ಪಂಚೆಯ ತುದಿಯಲ್ಲಿ ಸುತ್ತಿ ಮನೆಗೊಯ್ದ.

ಮೀಸೆ ತೀಡಿದ್ದು ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ತಿಳಿಯದು. ಮರುದಿನ ಅವನು ಬಂದು ಹೇಳಿದ್ದು ಮಾತ್ರ ಡೈರಿಯಲ್ಲಿದೆ: "ಹೆಂಡ್ತಿಗೆ ಇನ್ನೊಂದು ಕಾಲಿನ ಉಂಗುರದ್ದೂ ಹೀಂಗೇ ಕನ್ನಡಿ ಮಾಡಿಕೊಡಬೇಕಂತೆ, ಮಾಸ್ತರೇ."