ಕಾಕಾ ಹಚ್ಚಿದ ಮೂರು ಕೋಟು ಬಣ್ಣ

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕಂಬಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಾಗಿಲು ತೆರೆದದ್ದೇ ತಡ, ಥಿನ್ನರಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಫ್ಲಾಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದುಹೋದರು. ನಾನು ಮಾತ್ರ ಆಫೀಸಿಗೆ ಹೊತ್ತಾಗುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ಎದುರುಮನೆ ಕಾಕಾ ಸಂಜೆ ಡ್ಯೂಟಿ ಮುಗಿಸಿ ಬರುವಾಗ ಅವರ ಜೊತೆಗೇ ಬರುತ್ತಿದ್ದ ವಾಸನೆ ಅದು...

ಆಗ ನಾವು ತೆಲುಗು ಸೀಮೆಯಲ್ಲಿ, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಸ್ಟೋರ್ಸ್ ವಿಭಾಗದಲ್ಲಿ, ಕಾಕಾ ಪೇಂಟ್ ಶಾಪಿನಲ್ಲಿ. ಅವರು ಬೀದರ ಕಡೆಯವರು, ನಾವು ಧಾರವಾಡದವರು. ರಕ್ತಸಂಬಂಧ ಏನೂ ಇಲ್ಲ. ಆ ಸಾಲಿನಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ ಇದ್ದದ್ದರಿಂದ ಅವರು ನನಗೆ ಕಾಕಾ ಆದರು, ನಾನು ಅವರ ಮನೆಯ ಅವಲಕ್ಕಿ ಡಬ್ಬಿಗೆ ಕೇಳದೆ ಕೈಹಾಕುವ ಹುಡುಗಿಯಾದೆ.

ಸೈನ್ಯಕ್ಕೆ ಹೋಗುವ ಕಬ್ಬಿಣದ ಪೆಟ್ಟಿಗೆಗಳಿಗೆ ಬಣ್ಣ ಹಚ್ಚುವುದು ಕಾಕಾರ ಕೆಲಸ. ಹಿಮದಲ್ಲಿ ಹೂತರೂ ಉಪ್ಪುನೀರಿನಲ್ಲಿ ಬಿದ್ದರೂ ಆ ಪೆಟ್ಟಿಗೆ ತುಕ್ಕು ಹಿಡಿಯಬಾರದು. ಮೂವತ್ತು ವರ್ಷ ಅದನ್ನೇ ಮಾಡಿದವರಿಗೆ ಒಳ್ಳೆಯ ಬಣ್ಣವೆಂದರೆ ದಪ್ಪ ಬಣ್ಣ, ಅಷ್ಟೇ. ಅಂದಚಂದದ ಗೊಡವೆ ಅವರಿಗಿರಲಿಲ್ಲ. ಮನೆಯ ಗೇಟು, ಕೂಲರು, ಅವರ ಹೆಂಡತಿ ಕಾಕೂನ ತುಳಸಿಕಟ್ಟೆ, ಎಲ್ಲಕ್ಕೂ ಮೂರು ಕೋಟು.

ನಾನು ಓದು ಮುಗಿಸಿದಾಗ, ಊರಿನ ಮಾದಾಪುರದಲ್ಲಿ ದಿನಕ್ಕೊಂದು ಕಂಪ್ಯೂಟರ್ ಕಂಪನಿಯ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನನಗೂ ಅಲ್ಲೊಂದು ಕೆಲಸ ಸಿಕ್ಕಿತು, ವರ್ಷ ತುಂಬುವಷ್ಟರಲ್ಲಿ ಬೆಳ್ಳಿಬಣ್ಣದ ಪುಟ್ಟ ಕಾರು ಮನೆ ಮುಂದೆ ಬಂದು ನಿಂತಿತು. ಅದರ ಸಂಭ್ರಮ ಮುಗಿಯುವ ಮೊದಲೇ, ಅಮ್ಮನನ್ನು ಕೋಠಿ ಬಜಾರಿಗೆ ಕರೆದುಕೊಂಡು ಹೋದ ದಿನ, ಆಟೋವೊಂದು ಹಿಂಬಾಗಿಲಿಗೆ ಉಜ್ಜಿಕೊಂಡು ಹೋಯಿತು. ಗೇಣುದ್ದದ ಗೀರು. ನನಗೆ ಅಳುವೇ ಬಂದಿತ್ತು.

"ಮನ್ಯಾಗ ನಾ ಇರೂವಾಗ ಶೋರೂಮಿಗ್ಯಾಕ ಒಯ್ತಿ? ಐತವಾರ ಚಾವಿ ಕೊಡು" ಅಂದರು ಕಾಕಾ.

ಭಾನುವಾರ ಬೆಳಿಗ್ಗೆ ನಾನು ತಲೆಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಗೀರಿನ ಸುತ್ತ ಒಂದು ತಟ್ಟೆಯಗಲ ಜಾಗವನ್ನು ಒರಟು ಉಪ್ಪುಕಾಗದದಿಂದ ಉಜ್ಜಿ, ಕೆಂಪು ಪ್ರೈಮರ್ ಬಳಿದು, ಅದರ ಮೇಲೆ ಗೇಟಿಗೆ ಹಚ್ಚುವ ಸಿಲ್ವರ್ ಪೇಂಟನ್ನು ಬ್ರಷ್ಷಿನಿಂದ ಮೆತ್ತಿದ್ದರು. ಹೊಳೆಯುವ ಬಾಗಿಲಿಗೆ ಯಾರೋ ಹೋಳಿಗೆ ಅಂಟಿಸಿದ ಹಾಗೆ ಕಾಣುತ್ತಿತ್ತು. ನಡುವೆ ಬ್ರಷ್ಷಿನ ಎರಡು ಕೂದಲು. ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ ಕಾಕಾರ ಮುಖ ನೋಡಿದೆ. ಅವತ್ತು ಅವರು ವಾರದ ರಜೆ ಬಿಟ್ಟು, ನಾಷ್ಟಾ ಬಿಟ್ಟು ಬಿಸಿಲಲ್ಲಿ ಕೂತಿದ್ದರು.

"ಗುಂಡು ಬಿದ್ರೂ ಕಿತ್ತು ಹೋಗಂಗಿಲ್ಲ, ನೋಡು" ಅಂದರು.

"ಭಾಳ ಚಲೋ ಆಗೇತ್ರಿ ಕಾಕಾ" ಅಂದೆ.

ಆಮೇಲೆ ಆಫೀಸಿನಲ್ಲಿ ಆ ಬಾಗಿಲು ಕಾಣದ ಹಾಗೆ ಕಂಬಕ್ಕೆ ಒತ್ತಿ ಕಾರು ನಿಲ್ಲಿಸುವುದೇ ಒಂದು ಕೆಲಸವಾಯಿತು. ಆದರೂ ಜೊತೆಯವರು ಬಿಡಬೇಕಲ್ಲ, ಗಾಯದ ಪಟ್ಟಿ ಯಾವಾಗ ಬಿಚ್ಚುತ್ತಾರೆ ಎಂದು ಕೇಳಿದರು. ಕಾಕಾ, ಕಾಕು ನೆಂಟರ ಮನೆಯ ಕಾರ್ಯಕ್ಕೆಂದು ಊರಿಗೆ ಹೋದದ್ದೇ ತಡ, ಕಳ್ಳಿಯ ಹಾಗೆ ಕಾರನ್ನು ಮಿಯಾಪುರ ರಸ್ತೆಯ ಪೇಂಟರ್ ಒಬ್ಬರ ಶೆಡ್ಡಿಗೆ ಒಯ್ದೆ. ಬಿಳಿಗಡ್ಡದ ಉಸ್ತಾದ್. ಕಾಕಾರ ಬಣ್ಣವನ್ನು ಕೆರೆದು ತೆಗೆಯುವುದಕ್ಕೇ ಅವರಿಗೆ ಅರ್ಧ ದಿನ ಹಿಡಿಯಿತು. "ನಿಕಲ್ತಾಚ್ ನೈ", ಬಿಡುವುದೇ ಇಲ್ಲ ಇದು, ಎಂದು ಗೊಣಗುತ್ತ ಥಿನ್ನರ್ ಸುರಿದರು. ಮತ್ತೆ ನೀರು ಹಾಕಿ ನಯವಾಗಿ ಉಜ್ಜಿ, ಪುಟ್ಟಿ ತುಂಬಿ, ಇಡೀ ಬಾಗಿಲಿಗೆ ಸ್ಪ್ರೇ ಗನ್ನಿನಿಂದ ತೆಳ್ಳಗೆ ಬಣ್ಣ ಹಾರಿಸಿದರು. ಮೊದಲು ಹಚ್ಚಿದ್ದು ಯಾರು ಎಂದು ಕೇಳಿದಾಗ ನಾನು "ಯಾರೋ" ಅಂದೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪರೇಡ್ ತೋರಿಸಿದ ಮನುಷ್ಯ... ಯಾರೋ. ಅದು ಇವತ್ತಿಗೂ ಚುಚ್ಚುತ್ತದೆ.

ಊರಿಂದ ಬಂದ ಕಾಕಾ ನೇರ ಕಾರಿನ ಹತ್ತಿರ ಹೋಗಿ ಬಾಗಿಲ ಮೇಲೆ ಅಂಗೈ ಆಡಿಸಿದರು. ಅವರು ತಿರುಗಿ ನೋಡಿ, "ಬಣ್ಣ ಕೂಡಾಕ ಬಿಸಲು ಬೇಕವ್ವಾ. ನೋಡಿದ್ಯಾ, ತಾನ ಹ್ಯಾಂಗ ಕೂತೈತಿ" ಅಂದರು. ನಾನು ಹೂಂ ಅಂದೆ. ಆ ಒಂದು ಹೂಂನಿಂದ ಕಾಕಾ ಕಾಲನಿಗೆಲ್ಲ ಕಾರ್ ಪೇಂಟರ್ ಆದರು. ಎದುರಿಗೆ ಸಿಕ್ಕವರನ್ನೆಲ್ಲ ಕರೆದು ನನ್ನ ಕಾರಿನ ಬಾಗಿಲನ್ನು ತೋರಿಸಿದರು. ಪುಣ್ಯಕ್ಕೆ ಅಲ್ಲಿ ಕಾರಿದ್ದವರೇ ಕಡಿಮೆ.

ಅದೇ ವರ್ಷ ಕಾಕಾರ ಮಗಳ ಮದುವೆಯಾಗಿತ್ತು. ಮೊದಲ ದೀಪಾವಳಿಗೆ ಅಳಿಯ ಹೊಸ ಕಾರಿನಲ್ಲಿ ಬಂದ, ಗೇಟು ದಾಟುವಾಗ ಬಾಗಿಲು ಗೀಚಿಕೊಂಡ. ಕಾಕಾ ಹಿಗ್ಗಿಹೋದರು. ನಾನು ನಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದವಳು ತಲೆಯೆತ್ತಿದರೆ, ಅವರು ಪೇಂಟಿನ ಡಬ್ಬಿ, ಉಪ್ಪುಕಾಗದ ಹಿಡಿದು ಹೊರಗೆ ಬರುತ್ತಿದ್ದಾರೆ. ಹಬ್ಬಕ್ಕೆ ಬಂದ ಹೊಸ ಅಳಿಯ ಮಾವನಿಗೆ ಬೇಡವೆನ್ನುವುದು ಹೇಗೆ? ಪಾಪ, ಗೀರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಇನ್ನು ಎರಡು ನಿಮಿಷ ಬಿಟ್ಟರೆ ಅಳಿಯನ ಮುಂದೆ, ಆಮೇಲೆ ಬೀಗರ ಮುಂದೆ ಕಾಕಾರ ಮರ್ಯಾದೆ ಹೋಗುತ್ತಿತ್ತು. ಅದಕ್ಕೆ ಕಾರಣ ನಾನು.

ಓಡಿಹೋಗಿ, ಅಮ್ಮ ಕರೆಯುತ್ತಾಳೆ ಎಂದು ಸುಳ್ಳು ಹೇಳಿ ಅವರನ್ನು ನಮ್ಮ ಅಡುಗೆಮನೆಗೆ ಎಳೆದುಕೊಂಡು ಬಂದೆ. ಎಲ್ಲವನ್ನೂ ಹೇಳಿದೆ. ಕಾಕಾ ಕೈಯಲ್ಲಿದ್ದ ಉಪ್ಪುಕಾಗದವನ್ನು ಮಡಚುತ್ತಲೇ ಇದ್ದರು.

"ಅಂವ ನನ್ನ ಬಣ್ಣಕ್ಕ ಏನಂದ?"

"ತಗಿಯಾಕ ಬರವಲ್ದು ಅಂದ್ರಿ."

"ಹಂಗಂದ್ನ?" ಅವರ ಮುಖದಲ್ಲಿ ಒಂದಿಷ್ಟು ಕಳೆ ಬಂದು ಹೋಯಿತು. ಹೊರಗೆ ಹೋಗಿ ಅಳಿಯನಿಗೆ, "ನಮ್ಮ ಬಣ್ಣ ಇದಕ್ಕ ಭಾಳ ಜಡ ಆಗತೈತ್ರಿ. ಮಿಯಾಪುರದಾಗ ಒಬ್ಬಾಂವ ಅದಾನ" ಅಂದರು. ತಾವೂ ಜೊತೆಗೆ ಹೋಗಿ, ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೆಲಸ ಮುಗಿಯುವ ತನಕ ಉಸ್ತಾದರ ಕೈ ನೋಡುತ್ತ ಕೂತಿದ್ದರಂತೆ.

ನನ್ನ ಜೊತೆ ಮಾತ್ರ ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಅವರೇ ಬಂದರು. "ಚಲೋ ಇಲ್ಲಂದ್ರ ಚಲೋ ಇಲ್ಲ ಅನ್ನು. ಮೂವತ್ತು ವರ್ಷ ಇನ್‌ಸ್ಪೆಕ್ಷನ್ನಿನಾಗ ರಿಜೆಕ್ಟ್ ತಿಂದಾಂವ ನಾ. ಅದಕ್ಕ ಸಾಯಂಗಿಲ್ಲ. ನೀ ಹಿಂದಿಂದ ಹೋದಿ ನೋಡು, ಅದು ಬ್ಯಾಸರಾತು" ಅಂದರು. ನಾನು ಅತ್ತೆ.

ಅಲ್ಲಿಂದ ಮುಂದೆ ಎಲ್ಲದಕ್ಕೂ ನನ್ನನ್ನೇ ಕೇಳತೊಡಗಿದರು. ಹೊಸ ಅಂಗಿ, ಹೊಸ ಹಲ್ಲಿನ ಸೆಟ್ಟು, ರಿಟೈರ್‌ಮೆಂಟಿನ ದಿನ ಮಾಡಬೇಕಾದ ಭಾಷಣ... "ಖರೇ ಹೇಳು" ಎಂದು ಎದುರು ನಿಲ್ಲುತ್ತಿದ್ದರು. ಭಾಷಣ ಉದ್ದವಾಯಿತು ಅಂದೆ, ಅರ್ಧಕ್ಕರ್ಧ ಹೊಡೆದುಹಾಕಿದರು. ಹಲ್ಲಿನ ವಿಷಯದಲ್ಲಿ ಇಬ್ಬರೂ ನಕ್ಕೂ ನಕ್ಕೂ ಸಾಕಾದೆವು.

ಹತ್ತು ವರ್ಷದ ಮೇಲೆ ಆಸ್ಪತ್ರೆಯಲ್ಲಿ, ಮಗಳು ಔಷಧಿ ತರಲು ಕೆಳಗೆ ಹೋದಾಗ, ದಿಂಬಿನ ಕೆಳಗಿಂದ ರಿಪೋರ್ಟ್ ತೆಗೆದು ನನ್ನ ಕೈಗೆ ಕೊಟ್ಟರು. "ಎಲ್ಲಾರೂ ಆರಾಮ ಆಕ್ಕೈತಿ ಅನ್ನಾಕತ್ತಾರ. ನೀ ಓದಿ ಖರೇ ಹೇಳು." ಓದಿದೆ. ಎರಡು ಸಲ ಓದಿದೆ. ನಾನೂ ಆರಾಮ ಆಗುತ್ತದೆ ಎಂದುಬಿಡಬಹುದಿತ್ತು.

"ಚಲೋ ಇಲ್ರಿ ಕಾಕಾ" ಅಂದೆ.

ಅವರು ರಿಪೋರ್ಟನ್ನು ಮಡಚಿ ದಿಂಬಿನ ಕೆಳಗಿಟ್ಟು ನನ್ನ ಕೈ ತಟ್ಟಿದರು. "ಶಾಣ್ಯಾಕಿ" ಅಂದರು. ಆಮೇಲೆ ಮಗಳು ಬಂದಳು, ಬೇರೆ ಮಾತು ಶುರುವಾಯಿತು.

ಕಾಕಾ ಹೋಗಿ ಎಷ್ಟೋ ವರ್ಷಗಳಾದವು. ಈಗ ಆಫೀಸಿನಲ್ಲಿ ಹತ್ತು ಜನ ನನ್ನ ಕೈಕೆಳಗಿದ್ದಾರೆ. ಮಾಡಿದ್ದನ್ನು ತಂದು ತೋರಿಸಿ ಹೇಗಿದೆ ಎನ್ನುತ್ತಾರೆ, ನಾನು ಮುಖ ನೋಡಿ ಚೆನ್ನಾಗಿದೆ ಅಂದುಬಿಡುತ್ತೇನೆ. ಬೇಕಾದರೆ ಆಮೇಲೆ ನಾನೇ ಸರಿಮಾಡಿಕೊಳ್ಳುತ್ತೇನೆ, ಅವರಿಗೆ ಗೊತ್ತಾಗದ ಹಾಗೆ. ನನ್ನಿಂದ ನಿಜ ಹೇಳಿಸುವ ಮನುಷ್ಯ ಒಬ್ಬರೇ ಇದ್ದರು.