ಸೀರೆಯ ಮೇಲಿನ ಕೆಂಪು ಬಾಣ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನ ಅಳತೆ, ಅಂಗಡಿಯವನ ತಕ್ಕಡಿ, ಗಂಡ ‘ಓವರ್‌ಟೈಮ್ ಇತ್ತು’ ಎಂದದ್ದು, ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ನಂಬಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅನುಮಾನಪಟ್ಟು ನಾನೇ ಕೆಟ್ಟದ್ದು ಒಂದೇ ಸಲ.

ತೊಂಬತ್ತರ ದಶಕದ ನಡುವಿನಲ್ಲಿ, ಬಾಗಲಕೋಟೆ ಕಡೆಯಿಂದ ಬಂದ ನಾನೂ ನನ್ನ ಗಂಡನೂ ಬೊಮ್ಮನಹಳ್ಳಿಯ ಒಂದು ವಠಾರದಲ್ಲಿ ಶೀಟಿನ ಮನೆ ಹಿಡಿದಿದ್ದೆವು. ಇಬ್ಬರಿಗೂ ಬೊಮ್ಮಸಂದ್ರದಲ್ಲಿ ಕೆಲಸ. ಅವರು ಲೇತ್ ಮೇಲೆ, ನಾನು ಮಾತ್ರೆ ಪ್ಯಾಕಿಂಗಿನಲ್ಲಿ. ಮೊದಲ ಪಾಳಿಗೆ ಬೆಳಿಗ್ಗೆ ಐದಕ್ಕೇ ಮನೆ ಬಿಡಬೇಕು, ನಲ್ಲಿಯಲ್ಲಿ ನೀರು ಬರುವುದು ಏಳಕ್ಕೆ. ಹಾಗಾಗಿ ನಮ್ಮ ಮನೆಯ ಇನ್ನೊಂದು ಕೀಲಿಕೈ ಪಕ್ಕದ ಮನೆಯ ಹುಡುಗಿಯ ಹತ್ತಿರ ಇರುತ್ತಿತ್ತು. ಅವಳು ಮಂಡ್ಯ ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಪೈಪು ಎಳೆದು ನಮ್ಮ ಡ್ರಮ್ಮು ತುಂಬಿಸಿ, ಬೀಗ ಹಾಕಿ, ಎಂಟೂವರೆಗೆ ತನ್ನ ಕಂಪನಿಗೆ ಓಡುತ್ತಿದ್ದಳು. ಕೀಲಿಕೈ ಕೊಟ್ಟೆನೇ ಹೊರತು ನಂಬಿಕೆ ಕೊಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಬಂದವಳೇ ಸಕ್ಕರೆ ಡಬ್ಬಿ ತೆಗೆದು ಮಟ್ಟ ನೋಡುತ್ತಿದ್ದೆ.

ಆ ಮನೆಯಲ್ಲಿ ಕಾಯುವಂಥದ್ದು ಇದ್ದದ್ದು ಒಂದೇ, ನಮ್ಮವ್ವ ಕಸೂತಿ ಹಾಕಿದ ಇಳಕಲ್ ಸೀರೆ. ಕಪ್ಪು ಒಡಲು, ಕೆಂಪು ರೇಷ್ಮೆ ಸೆರಗು. ಗೋಪುರ, ನವಿಲು, ಅಂಬಾರಿ ಹೊತ್ತ ಆನೆ, ಎಲ್ಲವನ್ನೂ ಎಳೆ ಎಣಿಸಿ ಎರಡು ವರ್ಷ ಕೂತು ಹಾಕಿದ್ದಳು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಒಳಗೂ ಹೊರಗೂ ಒಂದೇ ತರ ಕಾಣಬೇಕು. ನನ್ನ ಮದುವೆಯಲ್ಲಿ ಅದನ್ನೇ ಉಟ್ಟೆ. ತಂಗಿಯೂ ಅದರಲ್ಲೇ ಹಸೆಗೆ ಕೂರಬೇಕು ಎಂಬುದು ಅವ್ವನ ಹಟ. ಅಷ್ಟರಲ್ಲಿ ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಹಾಕುವ ಮಾತೇ ಇರಲಿಲ್ಲ. ಊರ ಮನೆಯಲ್ಲಿ ಇಲಿ ಕಾಟವೆಂದು ಸೀರೆ ನನ್ನ ಟ್ರಂಕಿನಲ್ಲಿತ್ತು. ತಂಗಿಯ ಮದುವೆಗೆ ಇನ್ನೊಂದು ತಿಂಗಳಿತ್ತು.

ನೋಡಿಕೊಳ್ಳುವುದರಲ್ಲಿ ನಾನು ಕಡಿಮೆ ಮಾಡಿದವಳಲ್ಲ. ಸೋಪು ಮುಟ್ಟಿಸಲಿಲ್ಲ. ಒಗೆದರೆ ಅಂಟುವಾಳದ ನೊರೆಯಲ್ಲಿ, ಆರಿಸಿದರೆ ನೆರಳಲ್ಲಿ. ಹಳೆಯ ಪಂಚೆಯಲ್ಲಿ ಸುತ್ತಿ ನಾಲ್ಕು ಲವಂಗ ಇಡುತ್ತಿದ್ದೆ. ಒಂದೇ ಗೆರೆಯಲ್ಲಿ ಮಡಿಕೆ ಬಿದ್ದರೆ ರೇಷ್ಮೆ ಅಲ್ಲೇ ಬಿಡುತ್ತದೆಂದು ಅಮಾವಾಸ್ಯೆಗೊಮ್ಮೆ ಮಡಿಕೆ ಬದಲಿಸುತ್ತಿದ್ದೆ. ಸೆರಗು ಯಾವತ್ತೂ ಒಳಗೆ, ದಡಿ ಎಡಕ್ಕೆ.

ಒಂದು ಮಧ್ಯಾಹ್ನ ಬಂದು ನೋಡುತ್ತೇನೆ, ನೆಲದ ಮೇಲಿದ್ದ ಟ್ರಂಕು ಮಂಚದ ಮೇಲೆ ಕೂತಿದೆ. ತೆರೆದರೆ ಪಂಚೆ ಬೇರೆ ಸುತ್ತು. ಸೀರೆಯನ್ನು ಅಂಗಡಿಯ ಶರ್ಟಿನ ಹಾಗೆ ಚೌಕಾಕಾರ ಮಡಿಚಿ, ಸೆರಗು ಮೇಲೆ ಇಟ್ಟಿದ್ದಾರೆ. ಸೆರಗು ಒಡಲಿಗೆ ಕೂಡುವ ಜಾಗದಲ್ಲಿ ಉಗುರಿನಷ್ಟಗಲದ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿತ್ತು.

ಆ ಬಾಣ ನನಗೆ ಗೊತ್ತಿತ್ತು. ಸಂಜೆ ಪಕ್ಕದ ಹುಡುಗಿ ಕೆಲಸ ಬಿಟ್ಟು ಬರುವಾಗ ಅವಳ ರವಿಕೆಯ ತೋಳಿಗೆ ಅಂಥವು ಒಂದೆರಡು ಅಂಟಿರುತ್ತಿದ್ದವು. ಕಂಪನಿಯ ಯಾವುದೋ ಚೀಟಿ ಇರಬೇಕೆಂದು ನಾನು ಕೇಳಿಯೂ ಇರಲಿಲ್ಲ. ಈಗ ತಲೆಯಲ್ಲಿ ಲೆಕ್ಕ ಕೂಡಿತು. ಸೀರೆ ಉಟ್ಟಿದ್ದಾಳೆ, ಉಟ್ಟು ಎಲ್ಲೋ ಮೆರೆದು ಬಂದಿದ್ದಾಳೆ, ಹೆಗಲಿಗೆ ಸೆರಗು ಹಾಕಿದಾಗ ತೋಳಿನ ಸ್ಟಿಕ್ಕರ್ ಅಂಟಿಕೊಂಡಿದೆ. ಮೈಯೆಲ್ಲ ಉರಿದುಹೋಯಿತು. ಬಾಣವನ್ನು ಕಿತ್ತು ಒಲೆಯ ಪಕ್ಕ ಎಸೆದೆ. ಬೆವರಿನ ವಾಸನೆ ಬರುತ್ತದೆಯೇ ಎಂದು ಮೂಸಿ ನೋಡಿದೆ. ದಡಿಯಲ್ಲಿ ಧೂಳಿದೆಯೇ ಎಂದು ಹುಡುಕಿದೆ. ಪೌಡರಿನ ಗುರುತೇನಾದರೂ ಉದುರೀತೆಂದು ಸೆರಗು ಹಿಡಿದು ಜೋರಾಗಿ, ನಾಲ್ಕೈದು ಸಲ ಝಾಡಿಸಿದೆ. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವಳ ಜಾಣತನಕ್ಕೆ ಸಾಕ್ಷಿ ಅನ್ನಿಸಿತು.

ಸಂಜೆ ಅವಳೇ ಬಾಗಿಲಿಗೆ ಬಂದಳು. ಪೈಪು ಜಾರಿ ನೀರು ಒಳಗೆ ಬಂತು, ಟ್ರಂಕಿನ ತಳ ಒದ್ದೆಯಾಯಿತು, ಬಟ್ಟೆ ನೆನೆದಿದೆಯೇನೋ ಎಂದು ಬಿಚ್ಚಿ ನೋಡಿ ಮೇಲಿಟ್ಟೆ ಎಂದಳು. ನೆಲ ಒಣಗಿ ಬಿಳಿಚಿಕೊಂಡಿತ್ತು. ಎಂಥ ಕಥೆ ಕಟ್ಟುತ್ತಾಳೆ ನೋಡು, ಅಂದುಕೊಂಡೆ.

“ಅಕ್ಕಾ, ಸೀರೆ ಮೇಲೆ ಬಾಣ ಅಂಟಿಸಿದ್ನಲ್ಲ, ನೋಡುದ್ರಾ?” ಎಂದು ಕೇಳಿದಳು.

ಅಂಟಿಸಿದ್ದೆ ಎಂದು ತಾನೇ ಬಾಯಿ ಬಿಟ್ಟು ಹೇಳುತ್ತಿದ್ದಾಳೆ. ಅದೂ ನನ್ನ ಕಿವಿಗೆ ಹೋಗಲಿಲ್ಲ. “ನೋಡೀನವ್ವಾ. ಎಲ್ಲಾ ನೋಡೀನಿ. ಕೀಲಿಕೈ ಕೊಡು ಇಲ್ಲೆ” ಎಂದೆ. ಅವಳ ಮುಖ ಸಣ್ಣದಾಯಿತು. ಕೈಯಲ್ಲಿದ್ದ ಕೀಲಿಕೈಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅವತ್ತಿನಿಂದ ಮಾತಿಲ್ಲ. ಟ್ರಂಕಿಗೆ ಹೊಸ ಬೀಗ ತಂದು ಹಾಕಿದೆ. ಅವಳ ಕಣ್ಣು ತಾಗಿದ್ದು ಸಾಕೆಂದು ಆ ಅಮಾವಾಸ್ಯೆ ಸೀರೆಯನ್ನು ಬಿಚ್ಚಲೂ ಇಲ್ಲ.

ಮದುವೆಯ ಹಿಂದಿನ ದಿನ ಊರಲ್ಲಿ ಸೀರೆ ತೆಗೆದು ಅವ್ವನ ಮಡಿಲಿಗೆ ಹಾಕಿದೆ. ಪಕ್ಕದಲ್ಲಿ ತಂಗಿ ಕೂತಿದ್ದಳು. ಅವ್ವನಿಗೆ ಕಾಣುತ್ತಿರಲಿಲ್ಲ, ಬೆರಳಿನಲ್ಲೇ ನೋಡುತ್ತಿದ್ದಳು. ಆನೆ, ಅಂಬಾರಿ, ನವಿಲು, ಒಂದೊಂದನ್ನೂ ಸವರುತ್ತಾ ಬಂದ ಬೆರಳು ಸೆರಗಿನ ಕೂಡಿಕೆಯಲ್ಲಿ ನಿಂತಿತು. ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ನಡುವೆ ಹೊಲಿಗೆ ಇರುವುದಿಲ್ಲ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಗಳು ಬಿಟ್ಟು ಅವ್ವನ ನಾಲ್ಕು ಬೆರಳು ತೂರುವಷ್ಟು ಬಾಯಿ ಬಿದ್ದಿತ್ತು.

“ಇಲ್ಲೇ ಬಾಜೂಕ ಅಂಟಿನ ಜಿಗುಟು ಐತಿ. ಯಾರೋ ಗುರ್ತು ಹಚ್ಯಾರ. ನೀ ನೋಡಲಿಲ್ಲೇನ?” ಎಂದಳು ಅವ್ವ.

ಬಾಣ ಇದ್ದದ್ದು ಅದೇ ಜಾಗದಲ್ಲಿ. ಅದು ಎತ್ತ ಮುಖ ಮಾಡಿತ್ತು ಎಂದು ನಾನು ನೋಡಿಯೇ ಇರಲಿಲ್ಲ.

ಸೂಜಿ ದಾರ ತಂದು ಕೂಡಿಸುತ್ತೇನೆ ಎಂದೆ. ಗಂಟು ಹಾಕಿ ಹೊಲಿದ ಸೀರೆಯಲ್ಲಿ ಮಗಳು ಹಸೆಗೆ ಕೂರುವುದು ಬೇಡ ಎಂದಳು ಅವ್ವ. ಬೈಯಲಿಲ್ಲ. ಸೀರೆಯನ್ನು ಮಡಿಚಿ ನನ್ನ ಕೈಗೇ ಕೊಟ್ಟಳು. ತಂಗಿ ಮರುದಿನ ಅಂಗಡಿಯ ಸೀರೆ ಉಟ್ಟಳು. ಅಕ್ಕಿಕಾಳು ಬೀಳುವಾಗ ಅವ್ವ ಅವಳ ಸೆರಗನ್ನು ಒಮ್ಮೆ ಮುಟ್ಟಿ ಕೈ ಹಿಂದೆಗೆದುಕೊಂಡದ್ದನ್ನು ಕಂಡು ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು.

ಬೊಮ್ಮನಹಳ್ಳಿಗೆ ವಾಪಸು ಬಂದ ಸಂಜೆಯೇ ಸೀರೆಯನ್ನೂ ಕೀಲಿಕೈಯನ್ನೂ ಹಿಡಿದು ಪಕ್ಕದ ಮನೆಗೆ ಹೋದೆ. ಬಾಣ ಏತಕ್ಕೆ ಎಂದು ಆಗ ಕೇಳಿದೆ. ಬಟ್ಟೆಯಲ್ಲಿ ದೋಷ ಕಂಡ ಕಡೆ ಅಂಟಿಸುವುದು, ರಿಪೇರಿಯವರು ಬಾಣದ ತುದಿ ನೋಡಿ ಸರಿಮಾಡುತ್ತಾರೆ ಎಂದಳು. ನಾನು ತೋರಿಸುವ ಮೊದಲೇ ಸೆರಗು ಬಿಚ್ಚಿ ಜಾಗ ಹಿಡಿದಳು. ಬಿಟ್ಟ ಬಾಯಿಯನ್ನು ಬೆರಳಲ್ಲಿ ಅಳೆದಳು.

“ಅವತ್ತು ಮೂರೇ ಎಳೆ ಬಿಟ್ಟಿತ್ತು ಅಕ್ಕಾ” ಎಂದಳು. ನಾನು ಸೆರಗು ಹಿಡಿದು ಝಾಡಿಸಿದ್ದು ನೆನಪಾಯಿತು.

ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದಳು. ರೇಷ್ಮೆ ಎಳೆ ಸಿಕ್ಕಿದರೆ ಭಾನುವಾರ ಕೂತು ಕೂಡಿಸಿಕೊಡುತ್ತೇನೆ, ಗಂಟು ಕಾಣದ ಹಾಗೆ ಎಂದೂ ಹೇಳಿ ಸೀರೆಯನ್ನು ಒಳಗೆ ತೆಗೆದಿಟ್ಟುಕೊಂಡಳು. ನಾನು ಕೀಲಿಕೈ ಚಾಚಿದೆ.

“ಅದು ಬೇಡ ಅಕ್ಕಾ” ಎಂದಳು. “ಡ್ರಮ್ ಆಚೆ ಇಟ್ಟೋಗಿ, ತುಂಬುಸ್ತೀನಿ.”

ಆ ಮನೆ ಬಿಡುವವರೆಗೂ ನಮ್ಮ ಡ್ರಮ್ಮು ಬಾಗಿಲ ಹೊರಗೇ ಇತ್ತು.